ಜಕಾರಕ್ಕೆ ಗುಡಿಸೋ ಎತ್ವವೋ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಜಾಗ ತೋರಿಸುತ್ತಾರೆ. ನನ್ನ ದೊಡ್ಡಮ್ಮ ನೀಲಾವತಿಯವರ ಪ್ರಕಾರ, ಅವರ ಮಗ ಶೋಧನ್ ಘಟ್ಟದ ಮೇಲಿನ ಹುಡುಗಿಯನ್ನು ಮದುವೆಯಾದಲ್ಲಿಂದ. ಆ ಘಟ್ಟದ ಮೇಲಿನ ಹುಡುಗಿ ಶಿವಲೀಲಾಳ ಪ್ರಕಾರ, ದೊಡ್ಡಮ್ಮ ಬಾಯಿ ತೆರೆದಲ್ಲಿಂದ. ಲೈವ್ ವಿಡಿಯೋ ಮಾಡುವ ಶಿಶಿರನ ಪ್ರಕಾರ ಕಥೆಯೇ ಇಲ್ಲ. ‘ಡಿಲೀಟ್ ಆಗಿದೆ ಅಕ್ಕ, ಮುಗೀತು.’

ಒಳ್ಳೆಯ ಕಥೆಗೆ ಒಳ್ಳೆಯ ಮೊದಲ ವಾಕ್ಯ ಬೇಕು ಎಂದು ನಾನು ತರಗತಿಯಲ್ಲಿ ಪಾಠ ಮಾಡುತ್ತೇನೆ. ಹಾಗಾಗಿ ಬರೆದು ಅಳಿಸಿದ ಮೊದಲನೆಯದು: ‘ಮೂಡುಬಿದಿರೆಯ ಬಸದಿಯ ಕಂಬಗಳ ಮೇಲೆ ಇಳಿಬಿಸಿಲು ಬಿದ್ದಿತ್ತು.’ ಓದುಗರೇ, ಆ ಕಂಬಗಳಿಗೂ ಈ ಕಥೆಗೂ ಯಾವ ಸಂಬಂಧವೂ ಇಲ್ಲ. ಮೂಡುಬಿದಿರೆಯಲ್ಲಿ ಮನೆ ಮಾಡಿಕೊಂಡಿರುವ ಲೇಖಕಿ ಕಂಬ ತರದೆ ಇದ್ದರೆ ಸಂಪಾದಕರಿಗೆ ಬೇಸರವಾದೀತು ಎಂದು ತಂದಿದ್ದೆ. ಅಳಿಸಿದ ಎರಡನೆಯದು: ‘ಒಂದು ಪದ ಒಂದು ಸಂಸಾರವನ್ನು ಒಡೆಯಬಲ್ಲುದೇ?’ ಇದು ಸೀರಿಯಲ್ಲಿನ ಪ್ರೋಮೋ. ಹಿಂದೆ ಗುಡುಗಿನ ಸದ್ದು ಹಾಕಿದರೆ ಸಂಜೆ ಏಳಕ್ಕೆ ಪ್ರಸಾರ ಮಾಡಬಹುದು.

ಸುತ್ತು ಬಳಸದೆ ಹೇಳಿಬಿಡುತ್ತೇನೆ. ಒಂದು ವಿಡಿಯೋ ಅಳಿಸಿಹೋಗಿದೆ. ಅದರಲ್ಲಿ ದೊಡ್ಡಮ್ಮ ಸೊಸೆಗೆ ಒಂದು ಪದ ಹೇಳಿದ್ದಾರೆ. ಆ ಪದ ‘ಬಂಜಿ’ ಆಗಿದ್ದರೆ ಸೊಸೆ ಮನೆಗೆ ಹಿಂದಿರುಗಬಹುದು. ‘ಬಂಜೆ’ ಆಗಿದ್ದರೆ ಹಿಂದಿರುಗುವುದಿಲ್ಲ. ತುಳುವಿನಲ್ಲಿ ಬಂಜಿ ಎಂದರೆ ಹೊಟ್ಟೆ. ಕನ್ನಡದಲ್ಲಿ ಬಂಜೆ ಎಂದರೇನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಡುವೆ ಇರುವುದು ಜಕಾರದ ಮೇಲಿನ ಒಂದು ಸಣ್ಣ ಗುರುತು. ಗುಡಿಸಾದರೆ ಹೊಟ್ಟೆ, ಎತ್ವವಾದರೆ ಹೊಟ್ಟೆಗೆ ಬೆಂಕಿ.

೨

ಶೋಧನನ ತಂಗಿ ದೀಕ್ಷಿತಾ ಏಳು ತಿಂಗಳ ಬಸುರಿ. ಅವಳ ಬಯಕೆ, ಅಂದರೆ ಸೀಮಂತ, ಬಿ.ಸಿ. ರೋಡಿನ ಒಂದು ಹಾಲ್‌ನಲ್ಲಿ ನಡೆಯಿತು. ದೊಡ್ಡಮ್ಮನ ಮನೆ ಬೆಳ್ತಂಗಡಿಯ ಹತ್ತಿರ ಗುರುವಾಯನಕೆರೆಯಲ್ಲಿ, ದೀಕ್ಷಿತಾಳ ಗಂಡನ ಮನೆ ವಿಟ್ಲದಲ್ಲಿ. ಇಬ್ಬರಿಗೂ ಸಮಾನ ತೊಂದರೆಯಾಗಲಿ ಎಂದು ನಡುವೆ ಬರುವ ಬಂಟ್ವಾಳದ ಈ ಬಿ.ಸಿ. ರೋಡನ್ನು ಆರಿಸಿದ್ದರು. ಗಂಡ ಮನೀಷ್ ಮಸ್ಕತ್‌ನಲ್ಲಿದ್ದ. ಅವನು ನೋಡಲಿ ಎಂದು ಲೈವ್.

(ನಮ್ಮ ಕಡೆ ಈಗ ಲೈವ್ ಇಲ್ಲದೆ ಏನೂ ಇಲ್ಲ. ಮದುವೆ ಲೈವ್, ಗೃಹಪ್ರವೇಶ ಲೈವ್, ಉತ್ತರಕ್ರಿಯೆಯೂ ಲೈವ್. ಮೊನ್ನೆ ಒಬ್ಬರ ಉತ್ತರಕ್ರಿಯೆಯ ಕೆಳಗೆ ಯಾರೋ ‘ಸೂಪರ್ ಅರೇಂಜ್‌ಮೆಂಟ್’ ಎಂದು ಬರೆದಿದ್ದರು. ಸತ್ತವರು ಲೈಕ್ ಒತ್ತಿಲ್ಲ ಅಷ್ಟೆ.)

ನಾನು ಹೋಗಲಿಲ್ಲ. ಲೈವ್ ಇರುವಾಗ ಬಸ್ಸಿಗೆ ಯಾಕೆ ಹತ್ತುವುದು? ಮೂಡುಬಿದಿರೆಯ ಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಾ, ಲ್ಯಾಪ್‌ಟಾಪ್‌ನ ಒಂದು ಮೂಲೆಯಲ್ಲಿ ಬಯಕೆ ಇಟ್ಟುಕೊಂಡು, ಮೇಲೊಂದು ಕಣ್ಣು ಕೆಳಗೊಂದು ಕಣ್ಣು ಹಾಕಿ ಕುಳಿತಿದ್ದೆ.

ಹೂ ಮುಡಿಸುವ ಹೊತ್ತು. ಒಬ್ಬೊಬ್ಬರೇ ಹೆಂಗಸರು ವೇದಿಕೆ ಹತ್ತಿ ದೀಕ್ಷಿತಾಳಿಗೆ ಮಲ್ಲಿಗೆ ಮುಡಿಸಿ, ಶಿಶಿರ ಹೇಳಿದ ಕಡೆ ಮುಖ ಮಾಡಿ ನಗುತ್ತಿದ್ದರು. ಶಿವಲೀಲಾ ಹೂವಿನ ತಟ್ಟೆ ಹಿಡಿದು ಮೇಲೆ ಬಂದಳು. ಮದುವೆಯಾಗಿ ಮೂರು ವರ್ಷವಾದ, ಮಕ್ಕಳಿಲ್ಲದ, ತುಳು ಅರ್ಧ ಬರುವ ಸೊಸೆ. ದೊಡ್ಡಮ್ಮ ಮೈಕಿನ ಹತ್ತಿರ ನಿಂತಿದ್ದರು. ಏನೋ ಹೇಳಿದರು. ಆಗ ನಾನು ಯಾವನೋ ಹುಡುಗನಿಗೆ ಛಂದಸ್ಸಿನಲ್ಲಿ ಸೊನ್ನೆ ಹಾಕುತ್ತಿದ್ದೆ, ಗಮನವಿಟ್ಟು ಕೇಳಲಿಲ್ಲ. ತಲೆ ಎತ್ತಿದಾಗ ಶಿವಲೀಲಾ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ವೇದಿಕೆ ಇಳಿಯುತ್ತಿದ್ದಳು. ಇಳಿದವಳು ಹಾಲ್‌ನಲ್ಲಿ ನಿಲ್ಲಲಿಲ್ಲ. ಬಸ್ಸು ಹತ್ತಿ ಮೂಡುಬಿದಿರೆಗೆ ಬಂದಳು. ಅಂದಿನಿಂದ ಇಲ್ಲಿಯ ಒಂದು ಲೇಡೀಸ್ ಪಿಜಿಯಲ್ಲಿದ್ದಾಳೆ.

ಅವಳಿಗೆ ಇದು ಹೊಸ ಊರಲ್ಲ. ರಾಣೆಬೆನ್ನೂರಿನಿಂದ ಓದಲು ಬಂದವಳು ಇಲ್ಲಿಗೇ. ಈಗ ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಪಾಠ ಮಾಡುತ್ತೇವೆ. ಅವಳು ಸ್ಟಾಟಿಸ್ಟಿಕ್ಸ್, ನಾನು ಕನ್ನಡ. ಅಂದರೆ ಅವಳಿಗೆ ವಿದ್ಯಾರ್ಥಿಗಳಿದ್ದಾರೆ, ನನಗೆ ಅಭಿಮಾನಿಗಳಿದ್ದಾರೆ ಎಂದು ನಾನು ನಂಬಿದ್ದೇನೆ.

ಸ್ಟಾಫ್ ರೂಮಿನಲ್ಲಿ ಅವಳು ಹೇಳಿದ್ದು ಇಷ್ಟು: ‘ಬಂಜೆ ಅಂದ್ರು ಮೇಡಂ. ಮೈಕಿನ್ಯಾಗ. ಮಸ್ಕತ್‌ತನಕ ಕೇಳಿಸ್ತು.’

ಫೋನಿನಲ್ಲಿ ದೊಡ್ಡಮ್ಮ ಹೇಳಿದ್ದು ಇಷ್ಟು: ‘ನಾನು ಬಂಜಿ ಅಂತ ಹೇಳಿದ್ದು ಮಾರಾಯ್ತಿ. ಊಟದ ವಿಷಯ ಮಾತಾಡಿದ್ದು. ನಿನಗೆ ಗೊತ್ತುಂಟಲ್ಲ, ಗಡಿಬಿಡಿ ಆದರೆ ನನ್ನ ಕನ್ನಡದ ಒಳಗೆ ತುಳು ಬರ್ತದೆ.’

ಅದು ನಿಜ. ಮದುವೆಯ ಹೊಸತರಲ್ಲಿ ಒಮ್ಮೆ ದೊಡ್ಡಮ್ಮ ‘ನಿನ್ನ ಕಂಡನಿ ಬಂದನಾ?’ ಎಂದು ಕೇಳಿದ್ದರು. ಕಂಡನಿ ಎಂದರೆ ಗಂಡ. ಸೊಸೆ ಕಿಟಕಿಯ ಕಂಡಿ ನೋಡಿ ‘ಮುಚ್ಚೈತ್ರಿ’ ಎಂದಿದ್ದಳು. ಆಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಅವಳೂ ಸೇರಿ.

೩

(ಈ ತುಂಡು ಸಿಗಲಿಲ್ಲ. ಇದರಲ್ಲಿ ಕರಾವಳಿಯ ಭಾಷಾ ವೈವಿಧ್ಯದ ಬಗ್ಗೆ ನನ್ನ ಒಂದು ಪುಟದ ಚಿಂತನೆ ಇತ್ತು. ಸಿಗದೇ ಇದ್ದದ್ದು ನಿಮ್ಮ ಪುಣ್ಯ.)

೪

ಜಗಳ ಆದ ಸಂಜೆಯೇ ಶೋಧನ್ ಶಿಶಿರನಿಗೆ ಫೋನ್ ಮಾಡಿ ವಿಡಿಯೋ ತೆಗೆಸಿದ. ಎಲ್ಲವನ್ನೂ ಸರಿ ಮಾಡಲು ಹೊರಟ ಗಂಡಸು ಮೊದಲು ಮಾಡುವ ಕೆಲಸ ಸಾಕ್ಷಿಯನ್ನು ಇಲ್ಲವಾಗಿಸುವುದು. ಗುರುವಾಯನಕೆರೆಯಲ್ಲಿ ಅವನಿಗೆ ಟೈಲ್ಸ್ ಅಂಗಡಿ ಇದೆ. ಬಿರುಕು ಬಿಟ್ಟ ನೆಲದ ಮೇಲೆ ಹೊಸ ಟೈಲ್ಸ್ ಅಂಟಿಸಿ ಅಭ್ಯಾಸ.

‘ಜಗಳ ದೊಡ್ಡದಾಗ್ಬಾರ್ದು ಅಂತ ತೆಗೆಸಿದ್ದು,’ ಎಂದ.

‘ಅದರಲ್ಲಿ ಅಮ್ಮ ಬಂಜಿ ಅಂತಲೇ ಹೇಳಿದ್ದರೆ?’

‘ಹೌದಲ್ವಾ,’ ಎಂದ. ಅವನು ಇಡೀ ಕಥೆಯಲ್ಲಿ ಹೆಚ್ಚು ಮಾತಾಡುವುದಿಲ್ಲ, ಅವನಿಂದ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಈಗ ಅಳಿಸಿದ್ದೇ ಅಪರಾಧದ ಗುರುತಾಯಿತು. ‘ತಪ್ಪು ಮಾತಲ್ಲಂದ್ರ ಯಾಕ ತೆಗೆಸಿದ್ರು?’ ಎಂದು ಶಿವಲೀಲಾ ಕೇಳಿದಳು.

ನಾನು ಶಿಶಿರನಿಗೆ ಫೋನ್ ಮಾಡಿದೆ.

‘ಕಾಪಿ ಇಲ್ಲ ಅಕ್ಕ. ಆ ಮೆಮೊರಿ ಕಾರ್ಡಿನ ಮೇಲೆ ತೋಡಾರಿನ ಮದುವೆ ರೆಕಾರ್ಡ್ ಆಗಿ ಆಯ್ತು. ನೀವು ನೋಡಿದ್ದು ಮೊಬೈಲಲ್ಲಾ, ಲ್ಯಾಪ್‌ಟಾಪಲ್ಲಾ?’

‘ಲ್ಯಾಪ್‌ಟಾಪ್.’

‘ಹಾಗಾದ್ರೆ ಬ್ರೌಸರಿನ ಒಳಗೆ ಎಲ್ಲೋ ಇರ್ತದೆ. ನಾವು ನೋಡಿದ ವಿಡಿಯೋವನ್ನು ಅದು ತುಂಡು ತುಂಡು ಮಾಡಿ ಇಟ್ಟುಕೊಳ್ತದಂತೆ. ಸ್ವಲ್ಪ ದಿನ ಇಟ್ಟು ಆಮೇಲೆ ಬಿಸಾಡ್ತದೆ.’

‘ಎಲ್ಲಿ ಇಟ್ಟಿರುತ್ತದೆ?’

‘ಅದು ನನಗೆ ಗೊತ್ತಿಲ್ಲ. ಯೂಟ್ಯೂಬಲ್ಲಿ ಉಂಟು, ನೋಡಿ.’

ಹೀಗೆ ಒಂದು ಸಂಸಾರದ ಹಣೆಬರಹ ನನ್ನ ಲ್ಯಾಪ್‌ಟಾಪಿನ ತಾತ್ಕಾಲಿಕ ಫೋಲ್ಡರಿಗೆ ಬಂದು ಕುಳಿತಿತು. ಲೇಖಕಿಯಾಗಿ ಇದು ನನಗೆ ಸಂತೋಷ ಕೊಡಬೇಕಾದ ಸಂಗತಿ. ಪಾತ್ರಗಳು ನಮ್ಮನ್ನು ಹುಡುಕಿಕೊಂಡು ಬರುವುದು ಅಪರೂಪ.

೫

ಹುಡುಕಿದೆ. ಮೊದಲು ಸಿಕ್ಕ ವಿಡಿಯೋದಲ್ಲಿ ಒಬ್ಬ ಯುವಕ ‘ಹಲೋ ದೋಸ್ತೋಂ’ ಎಂದು ಶುರುಮಾಡಿ, ಚಾನೆಲ್ಲಿಗೆ ಸಬ್‌ಸ್ಕ್ರೈಬ್ ಆಗುವುದು ಯಾಕೆ ಮುಖ್ಯ ಎಂದು ಬಹಳ ಹೊತ್ತು ವಿವರಿಸಿದ. ಬ್ರೌಸರ್ ವಿಡಿಯೋ ಎಲ್ಲಿಡುತ್ತದೆ ಎಂದು ಹೇಳುವ ಹೊತ್ತಿಗೆ ಹಿಂದಿನ ಸಂಗೀತ ಅವನ ಮಾತನ್ನು ನುಂಗಿತು. ಇನ್ನೊಂದು ನೋಡಿದೆ, ಮತ್ತೊಂದು ನೋಡಿದೆ. ಕೊನೆಗೆ ಕನ್ನಡದಲ್ಲೂ ಒಂದು ಸಿಕ್ಕಿತು. ಅದರಲ್ಲಿ ‘ಸ್ನೇಹಿತರೇ, ಮುಂದಿನ ವಿಡಿಯೋದಲ್ಲಿ ನೋಡೋಣ’ ಎಂದು ಮುಗಿಸಿದರು.

ಅಂತೂ ಫೋಲ್ಡರ್ ಸಿಕ್ಕಿತು. ಮನೆಯ ಅಟ್ಟದಲ್ಲಿ ಏನೇನಿದೆ ಎಂದು ಹತ್ತಿ ನೋಡಿದವರಿಗೆ ಇದರ ರೀತಿ ಗೊತ್ತು. ಒಂದು ಕಡತಕ್ಕೂ ಸರಿಯಾದ ಹೆಸರಿಲ್ಲ, ಹೆಸರಿನ ಕೊನೆಗೆ .mp4 ಎಂಬಂಥ ಬಾಲವಿಲ್ಲ. ಎಲ್ಲವೂ ಒಂದು ಅಕ್ಷರ, ಒಂದು ಅಡ್ಡಗೆರೆ, ಆಮೇಲೆ ಒಂದಷ್ಟು ಸೊನ್ನೆ. ಒಂದೊಂದಕ್ಕೂ ವಿಡಿಯೋದ ಬಾಲ ಅಂಟಿಸಿ, ಪ್ಲೇಯರಿಗೆ ಹಾಕಿ, ಓಡುತ್ತದೋ ಇಲ್ಲವೋ ನೋಡಬೇಕು.

ಬ್ರೌಸರ್ ನನ್ನ ಬಗ್ಗೆ ಇಟ್ಟುಕೊಂಡದ್ದನ್ನು ನೋಡಿ ನನಗೆ ನನ್ನ ಮೇಲಿದ್ದ ಗೌರವ ಸ್ವಲ್ಪ ಕಡಿಮೆಯಾಯಿತು. ಪತ್ರೊಡೆ ಮಾಡುವ ವಿಧಾನದ ಅರ್ಧ. ಕುಂಭ ರಾಶಿಯವರಿಗೆ ಈ ವಾರ ಧನಲಾಭ. ಮೊಂಡು ಬೆಕ್ಕೊಂದು ಕುಕ್ಕರಿನ ಸೀಟಿ ಕೇಳಿ ಹಾರುವುದು. ನನ್ನದೇ ಪುಸ್ತಕ ಬಿಡುಗಡೆಯ ತುಂಡುಗಳಂತೂ ಬೇಕಾದಷ್ಟು. ಅದನ್ನು ಅಷ್ಟು ಸಲ ನೋಡಿದವರು ಯಾರೆಂದು ನನಗೆ ತಿಳಿಯದು. ಸಮಕಾಲೀನ ಸಾಹಿತ್ಯದ ತುಂಡು ಮಾತ್ರ ಒಂದೂ ಸಿಗಲಿಲ್ಲ.

ಬಯಕೆಯ ತುಂಡುಗಳೂ ಸಿಕ್ಕವು. ಆದರೆ ಬ್ರೌಸರಿಗೆ ಒಂದು ವಿಚಿತ್ರ ಬುದ್ಧಿ. ಚಿತ್ರವನ್ನು ಒಂದು ಕಡೆ ಇಡುತ್ತದೆ, ಧ್ವನಿಯನ್ನು ಇನ್ನೊಂದು ಕಡೆ. ಒಂದು ತುಂಡಿನಲ್ಲಿ ದೊಡ್ಡಮ್ಮನ ಬಾಯಿ ಆಡುತ್ತದೆ, ಸದ್ದಿಲ್ಲ. ಇನ್ನೊಂದರಲ್ಲಿ ಗದ್ದಲವಿದೆ, ಮುಖವಿಲ್ಲ. ಸಾಲದ್ದಕ್ಕೆ ನಡುವಿನ ಯಾವ ತುಂಡೂ ತನ್ನಷ್ಟಕ್ಕೆ ಓಡುವುದಿಲ್ಲ, ವಿಡಿಯೋದ ಮೊಟ್ಟಮೊದಲ ತುಂಡಿನ ತಲೆಯನ್ನು ಕತ್ತರಿಸಿ ಅದಕ್ಕೆ ಅಂಟಿಸಬೇಕು. ಅಂದರೆ ದೊಡ್ಡಮ್ಮ ಏನು ಹೇಳಿದರೆಂದು ಕೇಳುವ ಮೊದಲು, ಪ್ರತಿ ಸಲವೂ, ಶಿಶಿರನ ಚಾನೆಲ್ಲಿನ ಚೆಂಡೆ ಬಡಿತ ಕೇಳಬೇಕು.

ಗದ್ದಲದ ತುಂಡುಗಳಲ್ಲಿ ಯಾವುದು ನಮಗೆ ಬೇಕಾದದ್ದು ಎಂದು ಪತ್ತೆ ಮಾಡುತ್ತಾ ಹೋದೆ. ಒಂದರಲ್ಲಿ ‘ನೀನು ಬೇಡ’ ಎಂದು ದೊಡ್ಡಮ್ಮನ ದನಿ ಕೇಳಿತು. ತಕ್ಷಣ ನಿಲ್ಲಿಸಿದೆ. ಒಬ್ಬಳೇ ಕೇಳಲು ಧೈರ್ಯ ಬರಲಿಲ್ಲ. ಒಂದು ವೇಳೆ ಎತ್ವವಾಗಿದ್ದರೆ, ಅದನ್ನು ಮೊದಲು ತಿಳಿದವಳು ನಾನಾಗುತ್ತೇನೆ. ಮುಚ್ಚಿಡಬೇಕೋ ಬೇಡವೋ ಎಂದು ನಾನು ತೀರ್ಮಾನಿಸಬೇಕಾಗುತ್ತದೆ. ಕಥೆಯಲ್ಲಿ ಎಷ್ಟು ಜನರನ್ನು ಬೇಕಾದರೂ ಕೊಂದೇನು, ಇದು ನನ್ನಿಂದಾಗದು.

೭

(ಆರನ್ನು ಶಿವಲೀಲಾ ತೆಗೆಸಿದಳು. ಹೇಗೆಂದು ಹೇಳುತ್ತೇನೆ.)

ಇಷ್ಟು ಬರೆದದ್ದನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಬಿಟ್ಟು ಕ್ಲಾಸಿಗೆ ಹೋಗಿದ್ದೆ. ಬಂದಾಗ ಅವಳು ಓದುತ್ತಿದ್ದಳು.

‘ನಾ ಹಿಂಗ ಮಾತಾಡ್ತೀನೇನ್ರಿ?’

‘ಹೌದು.’

‘ಇಷ್ಟೊಂದು ರೀ ಹಚ್ಚಂಗಿಲ್ಲ ನಾ. ನಿಮ್ಮ ಓದುಗರು ಖುಷಿ ಪಡ್ಲಿ ಅಂತ ಹಚ್ಚೀರಿ.’

‘ಸರಿ, ಕಡಿಮೆ ಮಾಡುತ್ತೇನೆ.’

‘ಮತ್ತ ಇದನ್ನ ತೆಗೀರಿ.’ ಆರನೆಯ ಭಾಗದ ಮೇಲೆ ಬೆರಳಿಟ್ಟಳು.

ಆರನೆಯ ಭಾಗದಲ್ಲಿ, ಹಿಂದಿನ ವರ್ಷ ಅವಳಿಗೆ ನಾಲ್ಕು ತಿಂಗಳಾದಾಗ ಗರ್ಭ ಇಳಿದುಹೋದದ್ದನ್ನು ಬರೆದಿದ್ದೆ. ಮನೆಯಲ್ಲಿ ಶೋಧನ್ ಮತ್ತು ದೊಡ್ಡಮ್ಮನನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಿದ್ದೂ ಅವಳೇ, ಒಂದು ದಿನ ಪರೀಕ್ಷೆಯ ಕೊಠಡಿಯಲ್ಲಿ, ಹಿಂದಿನ ಬೆಂಚಿನ ಹುಡುಗನ ಮೇಲೆ ಕಣ್ಣಿಟ್ಟುಕೊಂಡೇ.

‘ಅದನ್ನ ಟ್ವಿಸ್ಟ್ ಮಾಡಬ್ಯಾಡ್ರಿ ಮೇಡಂ. ಟ್ವಿಸ್ಟ್ ಅಲ್ಲದು.’

ತೆಗೆದೆ. ಆದರೆ ಯಾಕೆ ತೆಗೆದೆ ಎಂದು ಹೇಳುವಾಗ ಏನನ್ನು ತೆಗೆದೆ ಎಂದೂ ಹೇಳಬೇಕಾಯಿತು. ಈಗ ಅದು ನಿಮ್ಮೊಳಗೆ ಎಲ್ಲೋ ಇದೆ, ಅಳಿಸುವುದು ನನ್ನ ಕೈಯಲ್ಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಸಂಜೆ ದೊಡ್ಡಮ್ಮನ ಫೋನ್ ಬಂತು. (ನನ್ನೊಂದಿಗೆ ಅವರು ಮಾತಾಡುವುದು ತುಳುವಿನಲ್ಲಿ. ಕನ್ನಡ ನನ್ನದು. ಈ ಕಥೆಯಲ್ಲಿ ಅನುವಾದವನ್ನು ನಂಬಬಾರದೆಂದು ಗೊತ್ತಿದ್ದೂ ಮಾಡುತ್ತಿದ್ದೇನೆ.)

‘ನೀನು ಕಥೆ ಬರೀತಿದ್ದಿಯಂತೆ. ನನ್ನನ್ನು ಸೀರಿಯಲಿನ ಅತ್ತೆ ಮಾಡ್ಬೇಡ.’

‘ಮಾಡುವುದಿಲ್ಲ ದೊಡ್ಡಮ್ಮ.’

‘ನನ್ನ ಹುಬ್ಬಿನ ಬಗ್ಗೆ ಏನೂ ಬರೀಬೇಡ. ಆ ಅತ್ತೆಯಂದಿರ ಹುಬ್ಬು ಯಾವಾಗ್ಲೂ ಮೇಲೆ ಇರ್ತದೆ.’ ಆಮೇಲೆ ಕೇಳಿದರು: ‘ಅವಳು ಊಟ ಸರಿ ಮಾಡ್ತಾಳಾ ಅಲ್ಲಿ?’

‘ಮಾಡುತ್ತಾಳೆ.’

‘ಪಿಜಿಯ ಸಾರು ನೀರು ನೀರು ಇರ್ತದೆ,’ ಎಂದು ಫೋನ್ ಇಟ್ಟರು.

೮

ಭಾನುವಾರ ಮಧ್ಯಾಹ್ನ ಎಲ್ಲರೂ ನನ್ನ ಮನೆಗೆ ಬಂದರು. ಕಾರಿನಲ್ಲಿ ದೊಡ್ಡಮ್ಮ, ಶೋಧನ್, ದೊಡ್ಡಪ್ಪ ಮುಂಡಪ್ಪ. ದೊಡ್ಡಪ್ಪ ಪ್ರಾಥಮಿಕ ಶಾಲೆಯ ನಿವೃತ್ತ ಹೆಡ್ಮಾಸ್ಟರು, ಬೆಳ್ತಂಗಡಿ ತಾಲೂಕಿನ ಅರ್ಧ ಜನಕ್ಕೆ ಕಾಗುಣಿತ ಕಲಿಸಿದವರು. ಉಳಿದರ್ಧ ಜನ ಫಲಕಗಳನ್ನು ಬರೆಯುತ್ತಾರೆ. ಶಿವಲೀಲಾ ಪಿಜಿಯಿಂದ ನಡೆದು ಬಂದಳು. ಸೋಫಾದಲ್ಲಿ ಜಾಗವಿತ್ತು, ಆದರೂ ಪ್ಲಾಸ್ಟಿಕ್ ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದುಕೊಂಡು ಕುಳಿತಳು.

ನಾನು ತೀರ್ಪು ಓದುವವಳ ಗತ್ತಿನಲ್ಲಿ ಲ್ಯಾಪ್‌ಟಾಪ್ ತೆರೆದೆ. ಚಿತ್ರ ಮತ್ತು ಧ್ವನಿಯನ್ನು ಅಂಟಿಸಿ ಇಟ್ಟಿದ್ದೆ. ಚೆಂಡೆ ಬಡಿಯಿತು. ಶಿಶಿರನ ಚಾನೆಲ್ಲಿನ ಹೆಸರು ಬೆಂಕಿಯಲ್ಲಿ ಉರಿದು ಹೋಯಿತು. ಆಮೇಲೆ ವೇದಿಕೆ, ಹೂವು, ತಟ್ಟೆ ಹಿಡಿದ ಶಿವಲೀಲಾ, ಅವಳ ಕಡೆ ತಿರುಗಿದ ದೊಡ್ಡಮ್ಮ.

‘ನೀನು ಬೇಡ. ಬಂಜಿ ಖಾಲಿ ಉಂಟಲ್ಲಾ’

ಅಲ್ಲಿಗೆ ತುಂಡು ಮುಗಿಯಿತು.

‘ಗುಡಿಸು!’ ದೊಡ್ಡಪ್ಪ ತೊಡೆ ತಟ್ಟಿದರು. ‘ಸ್ಪಷ್ಟ ಗುಡಿಸು! ಇನ್ನೊಮ್ಮೆ ಹಾಕು.’

ಇನ್ನೊಮ್ಮೆ ಹಾಕಿದೆ. ಚೆಂಡೆ, ಬೆಂಕಿ, ಬಂಜಿ. ಸಂಶಯವೇ ಇಲ್ಲ. ಜಕಾರಕ್ಕೆ ಗುಡಿಸು. ಕೊನೆಯಲ್ಲಿ ಒಂದು ಅಕ್ಷರವೂ ಅಲುಗಾಡಲಿಲ್ಲ.

‘ನಾನು ಹೇಳಿದೆ ಅಲ್ವಾ,’ ಎಂದ ಶೋಧನ್. (ಅವನು ಹೇಳಿರಲಿಲ್ಲ. ಹಿಂದೆ ತಿರುಗಿಸಿ ನೋಡಿ.)

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಬಹಳ ದಿನಗಳ ಮೇಲೆ ಉಸಿರು ಬಿಟ್ಟ ಹಾಗೆ ಕಂಡಿತು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಸಾಹಿತ್ಯದಿಂದ ಸಮಾಜಕ್ಕೇನು ಉಪಯೋಗ ಎಂದು ಕೇಳುವವರಿಗೆ ಹೇಳಲು ಒಂದು ಉದಾಹರಣೆ ಸಿಕ್ಕಿತಲ್ಲ! ದೊಡ್ಡಪ್ಪ ಆಗಲೇ ಕಾರಿನ ಕೀ ಹುಡುಕುತ್ತಾ ‘ಹೋಗುವ, ಎಲ್ಲಾ ಒಟ್ಟಿಗೆ ಹೋಗುವ’ ಎನ್ನುತ್ತಿದ್ದರು.

ಶಿವಲೀಲಾ ಏಳಲಿಲ್ಲ.

‘ಬಂಜಿ ಅಂದ್ರ ಹೊಟ್ಟಿ. ಒಪ್ಪಿದೆ,’ ಎಂದಳು. ‘ಖಾಲಿ ಅಂದ್ರಲ್ಲ. ಯಾವ ಹೊಟ್ಟಿ?’

ದೊಡ್ಡಪ್ಪನ ಕಾಗುಣಿತದಲ್ಲಿ ಇದಕ್ಕೆ ಗುರುತಿಲ್ಲ.

‘ಊಟದ ಹೊಟ್ಟೆ ಮಗಾ,’ ಎಂದರು ದೊಡ್ಡಮ್ಮ. ‘ನೀನು ಬೆಳಿಗ್ಗೆಯಿಂದ ಒಂದು ಲೋಟ ಚಾ ಸಹ ಕುಡಿದಿರ್ಲಿಲ್ಲ. ಹೋಗಿ ಊಟ ಮಾಡು ಅಂತ ಅದರ ನಂತರ ಹೇಳಿದ್ದೇನೆ. ನೀನು ಅಷ್ಟು ಹೊತ್ತಿಗೆ ಇಳಿದಾಗಿತ್ತು. ಮುಂದಿನದ್ದು ಹಾಕು,’ ಎಂದು ನನ್ನ ಕಡೆ ತಿರುಗಿದರು. ‘ಮುಂದಿನ ತುಂಡು ಹಾಕು ನೀನು. ಅದರಲ್ಲಿ ಉಂಟು.’

೯

ಈ ಜಾಗದಲ್ಲಿ ನನಗೆ ಕಥೆ ನಿಲ್ಲಿಸಬೇಕೆನಿಸುತ್ತದೆ.

ಮುಂದಿನ ತುಂಡಿನ ಜಾಗದಲ್ಲಿ ನಾನು ಗುರುತು ಹಾಕಿಟ್ಟಿದ್ದ ಒಂದು ಕಡತ ಇತ್ತು. ಪರೀಕ್ಷಿಸಿರಲಿಲ್ಲ. ಮೊದಲ ತುಂಡು ಸಿಕ್ಕ ಸಂಭ್ರಮದಲ್ಲಿ, ಅದರ ಪಕ್ಕದಲ್ಲಿ ಇರುವುದು ಅದರ ತಮ್ಮನೇ ಎಂದು ಭಾವಿಸಿದ್ದೆ. ಎಲ್ಲರ ಎದುರು ಒತ್ತಿದೆ.

‘ಹಲೋ ದೋಸ್ತೋಂ!’ ಎಂದಿತು ಲ್ಯಾಪ್‌ಟಾಪ್. ‘ವಿಡಿಯೋ ಕೋ ಲೈಕ್ ಕರ್ನಾ ಮತ್ ಭೂಲ್ನಾ!’

ಅರ್ಥವಾಯಿತಲ್ಲ? ಬ್ರೌಸರಿಗೆ ಇರುವ ಜಾಗ ಇಷ್ಟೇ. ಹೊಸಬರು ಬಂದರೆ ಹಳಬರಲ್ಲಿ ಯಾರಾದರೂ ಎದ್ದು ಹೋಗಬೇಕು. ಕಳೆದುಹೋದ ವಿಡಿಯೋ ಹುಡುಕುವುದು ಹೇಗೆ ಎಂದು ಕಲಿಯಲು ನಾನು ಅದೇ ಬ್ರೌಸರಿನಲ್ಲಿ ವಿಡಿಯೋಗಳನ್ನು ನೋಡಿದೆ. ಆ ವಿಡಿಯೋಗಳು ಬಂದು ಕುಳಿತದ್ದು ಹುಡುಕಬೇಕಾಗಿದ್ದ ತುಂಡಿನ ಜಾಗದಲ್ಲಿ. ಪತ್ರೊಡೆ ಉಳಿದಿದೆ, ಬೆಕ್ಕು ಉಳಿದಿದೆ, ನನ್ನ ಪುಸ್ತಕ ಬಿಡುಗಡೆಯಂತೂ ಪ್ರಳಯವಾದರೂ ಉಳಿಯುತ್ತದೆ. ‘ಹೋಗಿ ಊಟ ಮಾಡು’ ಮಾತ್ರ ಹೋಯಿತು. ಇತ್ತೋ ಇಲ್ಲವೋ, ಹೋಯಿತು.

ನಾನು ಇದನ್ನೆಲ್ಲ ವಿವರಿಸಿದೆ. ದೊಡ್ಡಪ್ಪನಿಗೆ ಅರ್ಥವಾಗಲಿಲ್ಲ. ‘ಹುಡುಕುವ ಪಾಠ ನೋಡಿದ್ದಕ್ಕೆ ಹುಡುಕಬೇಕಾದದ್ದು ಅಳಿಸಿಹೋಯ್ತಾ? ಇದೆಂತ ಪಾಠ ಮಾರಾಯ್ತಿ?’ ದೊಡ್ಡಮ್ಮ ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ, ಹುಬ್ಬಿನ ಬಗ್ಗೆ ಮಾತು ಕೊಟ್ಟಿದ್ದೇನೆ.

ಶಿವಲೀಲಾ ಎದ್ದು ಚಪ್ಪಲಿ ಹಾಕಿಕೊಂಡಳು. ಬಾಗಿಲಲ್ಲಿ ತಿರುಗಿ ನಿಂತಳು.

‘ಇಷ್ಟ ದಿವಸ ಎಲ್ಲಾರೂ ಬಂಜಿನೋ ಬಂಜೆನೋ ಅಂತ ಹುಡುಕಿದ್ರಿ. “ನೀನು ಬೇಡ” ಅಂದಿದ್ದು ಸ್ಪಷ್ಟ ಕೇಳಿಸ್ತಲ್ಲ? ಅದಕ್ಕ ತುಳುವಿನ್ಯಾಗ ಬ್ಯಾರೆ ಅರ್ಥ ಐತೇನು?’

ಇಲ್ಲ. ತುಳುವಿನಲ್ಲೂ ಇಲ್ಲ, ಬ್ಯಾರಿಯಲ್ಲೂ ಇಲ್ಲ, ಕೊಂಕಣಿಯಲ್ಲೂ ಇಲ್ಲ. ನಾನು ಕನ್ನಡ ಎಂ.ಎ., ಅದರಲ್ಲೂ ಇಲ್ಲ. ವಿಡಿಯೋದಲ್ಲಿ ನಾನು ಆ ಎರಡು ಪದಗಳನ್ನು ಎಲ್ಲರಿಗಿಂತ ಮೊದಲೇ ಕೇಳಿದ್ದೆ. ಅದನ್ನು ಬೇಕಾದ ತುಂಡು ಯಾವುದೆಂದು ಗುರುತು ಹಚ್ಚಲು ಬಳಸಿದ್ದೆ ಅಷ್ಟೆ.

ಅಂತ್ಯ: ದೊಡ್ಡಪ್ಪ ಕೊಟ್ಟದ್ದು

ಸೊಸೆ ಮನೆಗೆ ಬರುತ್ತಾಳೆ. ಮುಂದಿನ ವರ್ಷ ಅದೇ ಹಾಲ್‌ನಲ್ಲಿ ಅವಳದ್ದೇ ಬಯಕೆ, ಶಿಶಿರನದ್ದೇ ಲೈವ್.

ಇದನ್ನು ಶಿವಲೀಲಾಳಿಗೆ ವಾಟ್ಸಾಪ್ ಮಾಡಿದೆ. ಉತ್ತರ ತಕ್ಷಣ ಬಂತು: ‘ಮಗು ಆದ್ರ ಎಲ್ಲಾ ಸರಿ ಅಂದಂಗಾತು. ಹರದು ಒಗೀರಿ.’ ಒಗೆದೆ.

ಅಂತ್ಯ: ದೀಕ್ಷಿತಾ ಕೊಟ್ಟದ್ದು

‘ಮನೀಷ್ ಪೂರಾ ಲೈವ್ ನೋಡಿದ್ದಾರಲ್ಲ, ಅವರಿಗೆ ಕೇಳಿರ್ತದೆ,’ ಎಂದು ದೀಕ್ಷಿತಾ ವಾಯ್ಸ್ ಮೆಸೇಜ್ ಕಳಿಸಿದಳು. ಎಲ್ಲರಿಗೂ ಜೀವ ಬಂತು. ಮಸ್ಕತ್‌ಗೆ ಫೋನ್ ಹೋಯಿತು. ಮನೀಷ್ ಪೂರಾ ನೋಡಿದ್ದು ಹೌದು. ಆಫೀಸಿನಲ್ಲಿ, ಮ್ಯೂಟ್ ಮಾಡಿ.

ಅಂತ್ಯ: ಶಿಶಿರ ಕೊಟ್ಟದ್ದು

‘ಎಐಯಲ್ಲಿ ಮಾಡುವ ಅಕ್ಕ. ನೀಲಾವತಿಯಮ್ಮನ ವಾಯ್ಸ್ ನಿಮ್ಮ ತುಂಡುಗಳಲ್ಲಿ ಬೇಕಾದಷ್ಟು ಉಂಟು. “ಹೋಗಿ ಊಟ ಮಾಡು” ಅಂತ ಟೈಪ್ ಮಾಡಿದ್ರೆ ಹೇಳ್ತದೆ. ಯಾರಿಗೂ ಗೊತ್ತಾಗುದಿಲ್ಲ.’

ನಾನು ಬೇಡವೆಂದು ತಕ್ಷಣ ಹೇಳಲಿಲ್ಲ. ಇದೂ ಒಂದು ಬಗೆಯ ಕಥೆ ಬರೆಯುವುದೇ ಅಲ್ಲವೇ, ನಾನು ಜೀವನಪೂರ್ತಿ ಮಾಡಿದ್ದು ಬೇರೇನು ಎಂದು ನನ್ನೊಂದಿಗೇ ವಾದ ಮಾಡಿದೆ. ಕೇಳುವುದಾದರೆ ದೊಡ್ಡಮ್ಮನನ್ನೇ ಕೇಳೋಣ ಎಂದು ಗುರುವಾಯನಕೆರೆಗೆ ಹೋದೆ.

ಇದು ಅಂತ್ಯವಲ್ಲ

ದೊಡ್ಡಮ್ಮ ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದರು. ಶಿಶಿರನ ಸಲಹೆ ಹೇಳಿದೆ. ಹೆಚ್ಚಿದ ಹೋಳುಗಳನ್ನು ಸುಮ್ಮನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದೂಡಿದರು.

‘ಅದು ನನ್ನ ಹಾಗೇ ಹೇಳ್ತದಾ?’

‘ಹೌದು.’

‘ಬೇಡ.’ ಚೂರಿ ಕೆಳಗಿಟ್ಟರು. ‘ಒಂದು ಹೇಳ್ತೇನೆ, ನೀನು ಬರೀಬೇಡ. ಊಟ ಮಾಡು ಅಂತ ಹೇಳಿದ್ದು ನನಗೆ ನೆನಪು ಉಂಟು. ಆದರೆ ದಿನಾ ಅದನ್ನೇ ನೆನಪು ಮಾಡಿ ಮಾಡಿ, ಈಗ ಹೇಳಿದ್ದು ನೆನಪಾ, ಹೇಳ್ಬೇಕಿತ್ತು ಅಂತ ನೆನಪಾ, ಗೊತ್ತಾಗುದಿಲ್ಲ. ಹೇಳದೇ ಇದ್ದರೆ? ಖಾಲಿ ಅಂತ ಅಷ್ಟೇ ಹೇಳಿ ನಿಲ್ಲಿಸಿದ್ದರೆ? ಅವಳ ಆಸ್ಪತ್ರೆಯ ಬಟ್ಟೆ ಒಗೆದದ್ದು ನಾನು. ಆ ಶಬ್ದ ನನ್ನ ಬಾಯಿಗೆ ಹೇಗೆ ಬಂತು?’

(ಬರೆಯಬೇಡ ಎಂದರು. ಬರೆದೆ. ಇಬ್ಬರಿಗೂ ಕೊಟ್ಟ ಮಾತು ಮುರಿದಾಯಿತು. ಇನ್ನು ನನ್ನನ್ನು ನಂಬುವ ಕೆಲಸ ನಿಮಗೆ ಬಿಟ್ಟದ್ದು.)

‘ಫೋನ್ ಮಾಡು ಅವಳಿಗೆ,’ ಎಂದರು. ‘ನಾನು ಮಾಡಿದರೆ ಎತ್ತುದಿಲ್ಲ.’

ಮಾಡಿದೆ. ಸ್ಪೀಕರ್ ಹಾಕಿದೆ. ಶಿವಲೀಲಾ ಎತ್ತಿದಳು.

‘ಹೇಳ್ರಿ ಮೇಡಂ.’

‘ನಾನು,’ ಎಂದರು ದೊಡ್ಡಮ್ಮ.

ಆ ಕಡೆ, ಪಿಜಿಯಲ್ಲಿ ಯಾರೋ ಬಕೆಟಿಗೆ ನೀರು ಬಿಡುವ ಸದ್ದು ಮಾತ್ರ. ಆದರೆ ಫೋನ್ ಕಟ್ ಆಗಲಿಲ್ಲ.

ಗುಡಿಸಿನ ಬಗ್ಗೆ ದೊಡ್ಡಮ್ಮ ಏನೂ ಹೇಳಲಿಲ್ಲ. ಹೊಟ್ಟೆಯ ಬಗ್ಗೆ, ಊಟದ ಬಗ್ಗೆ, ಕಳೆದುಹೋದ ತುಂಡಿನ ಬಗ್ಗೆ ಏನೂ ಹೇಳಲಿಲ್ಲ. ಒಂದೊಂದು ಅಕ್ಷರವನ್ನೂ ಬಿಡಿಸಿ, ಒಂದು ತುಳು ಶಬ್ದವೂ ನುಸುಳದ ಹಾಗೆ, ಶಾಲೆಯ ಮಗು ಪಾಠ ಒಪ್ಪಿಸುವಂಥ ಕನ್ನಡದಲ್ಲಿ ಹೇಳಿದರು:

‘ನೀನು ಬೇಡ ಅಂತ ನಾನು ಹೇಳಿದ್ದು ಹೌದು.’

ನೀರಿನ ಸದ್ದು ನಿಂತಿತು. ಶಿವಲೀಲಾ ಕೇಳಿದಳು:

‘ಯಾಕ್ರಿ?’

ದೊಡ್ಡಮ್ಮ ಉತ್ತರ ಕೊಡಲು ಬಾಯಿ ತೆರೆದರು. ನಾನು ಸ್ಪೀಕರ್ ಆಫ್ ಮಾಡಿ, ಫೋನನ್ನು ಅವರ ಕೈಗೆ ಕೊಟ್ಟು, ಅಡುಗೆಮನೆಯಿಂದ ಹೊರಗೆ ಬಂದೆ. ನೀವೂ ಬನ್ನಿ. ಬಾಗಿಲ ಹತ್ತಿರ ಕಿವಿ ಕೊಟ್ಟು ನಿಲ್ಲುವುದು ಚೆನ್ನಾಗಿ ಕಾಣುವುದಿಲ್ಲ.